ಎಸ್‌ಎಲ್-1200ರಲ್ಲಿ ಕಾರ್ಟ್ರಿಡ್ಜ್ ಸರಿಯಾಗಿ ಕೂರಿಸಲು ಯಾವ ಸಲಕರಣೆ ಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ರೆಕಾರ್ಡ್ ಪ್ಲೇಯರ್ ಇದೆ, ಅದಕ್ಕೆ ಹೊಸ ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್ (ಮುಳ್ಳನ್ನು ಹಿಡಿದಿರುವ ಭಾಗ) ಹಾಕಬೇಕು. ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಯ, ಕಾರ್ಟ್ರಿಡ್ಜಿನ ಕೋನ ನೋಡುವ ಪ್ರೊಟ್ರ್ಯಾಕ್ಟರ್‌ನಿಂದ ಹಿಡಿದು ಹತ್ತಾರು ಸಾವಿರದ ಲೋಹದ ಉಪಕರಣದವರೆಗೆ ಇದೆ. ಯಾವುದು ಸಾಕು?

ನನ್ನ ಉತ್ತರ: 0.01 ಗ್ರಾಂ ತೋರಿಸುವ ತಕ್ಕಡಿ, ಟೆಕ್ನಿಕ್ಸ್ ಆರ್ಮಿನ ಅಳತೆಗೇ ಬರೆದ ಕನ್ನಡಿಯ ಆರ್ಕ್ ಪ್ರೊಟ್ರ್ಯಾಕ್ಟರ್ (ಮುಳ್ಳು ಸಾಗುವ ಕಮಾನಿನ ಗೆರೆ ಬರೆದದ್ದು), 10 ಪಟ್ಟಿನ ಭೂತಗನ್ನಡಿ, ಒಳ್ಳೆಯ ಬೆಳಕು. ಇಷ್ಟಿದ್ದರೆ ಸಾಕು. ಆದರೆ ಕೊಳ್ಳುವ ಮೊದಲು ತೀರ್ಮಾನಿಸಬೇಕಾದ ವಿಷಯ ಒಂದಿದೆ, ಬಹಳ ಮಂದಿ ಎಡವುವುದು ಅಲ್ಲೇ. ಯಾವ ಜ್ಯಾಮಿತಿಗೆ, ಅಂದರೆ ಮುಳ್ಳು ರೆಕಾರ್ಡಿನ ಗ್ರೂವ್‌ಗೆ (ಗೀರಿಗೆ) ಎಲ್ಲೆಲ್ಲಿ ನೇರ ನಿಲ್ಲಬೇಕೆಂಬ ಯಾವ ಲೆಕ್ಕಕ್ಕೆ, ಹೊಂದಿಸುತ್ತೀರಿ?

ಈ ಯಂತ್ರದಲ್ಲಿ ಸ್ಪಿಂಡಲ್‌ನಿಂದ (ರೆಕಾರ್ಡಿನ ನಡುವಿನ ಕಡ್ಡಿ) ಆರ್ಮಿನ ಪಿವೋಟ್‌ಗೆ (ಅದು ತಿರುಗುವ ಬಿಂದು) 215 ಮಿ.ಮೀ. ಕಂಪನಿ ಗೊತ್ತುಮಾಡಿದ ಓವರ್‌ಹ್ಯಾಂಗ್ (ಮುಳ್ಳು ಸ್ಪಿಂಡಲನ್ನು ದಾಟಿ ಮುಂದೆ ಚಾಚುವ ದೂರ) 15 ಮಿ.ಮೀ., ಆಫ್‌ಸೆಟ್ ಕೋನ (ಕಾರ್ಟ್ರಿಡ್ಜ್ ಒಳಕ್ಕೆ ತಿರುಗಿರುವ ಕೋನ) 22 ಡಿಗ್ರಿ. ಈ ಲೆಕ್ಕದಲ್ಲಿ ಮುಳ್ಳು ಗ್ರೂವ್‌ಗೆ ಕರಾರುವಾಕ್ಕಾಗಿ ನೇರ ನಿಲ್ಲುವುದು ಎರಡೇ ಕಡೆ, ಕೇಂದ್ರದಿಂದ ಸುಮಾರು 58.8 ಮತ್ತು 113.5 ಮಿ.ಮೀ. ದೂರದಲ್ಲಿ. ಮಾರುಕಟ್ಟೆಯ ಹೆಚ್ಚಿನ ಪ್ರೊಟ್ರ್ಯಾಕ್ಟರ್‌ಗಳು ಬೇರ್‌ವಾಲ್ಡ್ ಪದ್ಧತಿಯವು, ಅವುಗಳ ಬಿಂದುಗಳು 66 ಮತ್ತು 120.9 ಮಿ.ಮೀ. ಈ ಆರ್ಮಿನಲ್ಲಿ ಬೇರ್‌ವಾಲ್ಡ್ ಸಾಧಿಸಬೇಕಾದರೆ ಓವರ್‌ಹ್ಯಾಂಗ್ 17.8 ಮಿ.ಮೀ. ಆಗಬೇಕು, ಕಾರ್ಟ್ರಿಡ್ಜನ್ನು ಹೆಡ್‌ಶೆಲ್ಲಿನೊಳಗೆ (ಅದನ್ನು ಬಿಗಿಯುವ ಆರ್ಮಿನ ತಲೆ) ಸ್ಪಿಂಡಲ್ ಕಡೆಗೆ ಸುಮಾರು 1.7 ಡಿಗ್ರಿ ತಿರುಗಿಸಬೇಕು. ಅಂದರೆ ಯಂತ್ರದ ಜೊತೆ ಬಂದ ಪ್ಲಾಸ್ಟಿಕ್ ಗೇಜಿನ 52 ಮಿ.ಮೀ. ಗುರುತಿಗೆ ಕೂರಿಸಿ, ಆಮೇಲೆ ಬೇರ್‌ವಾಲ್ಡ್ ಹಾಳೆಯಲ್ಲಿ ಪರೀಕ್ಷಿಸಿದರೆ ಎರಡೂ ಬಿಂದುಗಳಲ್ಲಿ ತಪ್ಪು ಕಾಣಿಸುತ್ತದೆ. ಆಗ ಯಾವ ಸಲಕರಣೆಯೂ ಕೆಟ್ಟಿರುವುದಿಲ್ಲ, ಎರಡು ಬೇರೆ ಲೆಕ್ಕಗಳನ್ನು ಬೆರೆಸಿದ್ದೀರಿ ಅಷ್ಟೆ.

ಯಾವುದು ಮೇಲು? 12 ಇಂಚಿನ ಎಲ್‌ಪಿಗಳನ್ನೇ ಹೆಚ್ಚು ಕೇಳುವವರಿಗೆ ಬೇರ್‌ವಾಲ್ಡ್ ಒಳ್ಳೆಯದು. ಹೊರ ಅಂಚಿನಲ್ಲಿ ಕಂಪನಿಯ ಲೆಕ್ಕದಲ್ಲಿ ದೋಷ 2.6 ಡಿಗ್ರಿಯಷ್ಟಾದರೆ ಇದರಲ್ಲಿ 1.9ರ ಒಳಗೆ ನಿಲ್ಲುತ್ತದೆ. ಆದರೆ ನಿಮ್ಮ ಕಪಾಟಿನಲ್ಲಿ ಹಳೆಯ ಕನ್ನಡ ಚಿತ್ರಗೀತೆಗಳ ಏಳಿಂಚಿನ ಇಪಿಗಳೇ ಜಾಸ್ತಿ ಇದ್ದರೆ ಕಂಪನಿಯ ಲೆಕ್ಕವನ್ನೇ ಇಟ್ಟುಕೊಳ್ಳಿ. 54 ಮಿ.ಮೀ. ತ್ರಿಜ್ಯದಲ್ಲಿ, ಅಂದರೆ ಇಪಿಯ ಹಾಡು ಮುಗಿಯುವ ಹೊತ್ತಿಗೆ, ಅದರ ದೋಷ 0.7 ಡಿಗ್ರಿ, ಬೇರ್‌ವಾಲ್ಡಿನದು 2 ಡಿಗ್ರಿ. ಒಳಗಿನ ಗ್ರೂವ್‌ಗಳಲ್ಲೇ ಇದು ಕಿವಿಗೆ ಬೀಳುವುದೇಕೆಂದರೆ ಅಲ್ಲಿ ಗ್ರೂವ್ ಓಡುವ ವೇಗ ಕಡಿಮೆ. 33⅓ರ ಎಲ್‌ಪಿಯ ಹೊರ ಅಂಚಿನಲ್ಲಿ ಸೆಕೆಂಡಿಗೆ 51 ಸೆಂ.ಮೀ. ಓಡುವುದು ಕೊನೆಯ ಹಾಡಿಗೆ 21 ಸೆಂ.ಮೀ.ಗೆ ಇಳಿದಿರುತ್ತದೆ. ಅದೇ ಕೋನದ ತಪ್ಪು ಅಲ್ಲಿ ಎರಡು ಪಟ್ಟಿಗೂ ಮಿಕ್ಕಿ ವಿಕೃತಿ ತರುತ್ತದೆ. ಗಾಯಕಿಯ ಸ, ಶಗಳು ಚರಪರ ಅನ್ನುವುದು ಇದರಿಂದಲೇ.

ಆ ಪ್ಲಾಸ್ಟಿಕ್ ಗೇಜನ್ನು ತಾತ್ಸಾರ ಮಾಡಬೇಡಿ. ಓವರ್‌ಹ್ಯಾಂಗಿಗೆ ಅದು ಬೇಗ ಕೆಲಸ ಮಾಡುತ್ತದೆ. ಕೊರತೆ ಎಂದರೆ ಕೋನದ ಬಗ್ಗೆ ಅದು ಏನೂ ಹೇಳುವುದಿಲ್ಲ. ಕಾರ್ಟ್ರಿಡ್ಜಿನ ಮೈ ಹೆಡ್‌ಶೆಲ್‌ಗೆ ನೇರವಾಗಿದೆ, ಕ್ಯಾಂಟಿಲಿವರ್ (ಮುಳ್ಳನ್ನು ಹಿಡಿದ ಸಣ್ಣ ಕಡ್ಡಿ) ಮೈಗೆ ನೇರವಾಗಿದೆ ಎಂದು ನಂಬಿಕೊಂಡೇ ಅದು ಅಳೆಯುತ್ತದೆ. ಎರಡನೆಯ ನಂಬಿಕೆ ಅಗ್ಗದ ಮುಳ್ಳುಗಳಲ್ಲಿ (ಸ್ಟೈಲಸ್) ಎಷ್ಟೋ ಸಲ ಸುಳ್ಳಾಗುತ್ತದೆ. ಆದ್ದರಿಂದ ಹೊಂದಿಸುವಾಗ ಕಣ್ಣು ಕ್ಯಾಂಟಿಲಿವರ್ ಮೇಲಿರಲಿ, ಮೈಯ ಅಂಚಿನ ಮೇಲಲ್ಲ.

ಆ ಎರಡು ಬಿಂದುಗಳನ್ನಷ್ಟೇ ತೋರಿಸುವ ಪ್ರೊಟ್ರ್ಯಾಕ್ಟರ್ ಬಿಟ್ಟು ಆರ್ಕನ್ನು ಏಕೆ ಹೇಳಿದೆ? ಓವರ್‌ಹ್ಯಾಂಗ್ ಅರ್ಧ ಮಿ.ಮೀ. ತಪ್ಪಿದರೂ ಎರಡು ಬಿಂದುಗಳ ನಡುವೆ ಕಾಣುವ ಕೋನದ ವ್ಯತ್ಯಾಸ ಸುಮಾರು 0.2 ಡಿಗ್ರಿ ಮಾತ್ರ. ಅದನ್ನು ಬರಿಗಣ್ಣಿನಲ್ಲಿ ಹಿಡಿಯುವುದು ಕಷ್ಟ. ಆರ್ಕ್ ಪ್ರೊಟ್ರ್ಯಾಕ್ಟರಿನಲ್ಲಿ ಮುಳ್ಳು ಕಮಾನಿನ ಗೆರೆಯ ಮೇಲೆ ಹೊರತುದಿಯಿಂದ ಒಳತುದಿಯವರೆಗೆ ಸಾಗಬೇಕು, ಅರ್ಧ ಮಿ.ಮೀ. ತಪ್ಪಿದರೆ ಗೆರೆ ಬಿಟ್ಟು ಹೋಗುವುದು ಎದ್ದು ಕಾಣುತ್ತದೆ. ಒಂದು ಷರತ್ತಿದೆ: ಆರ್ಕ್ 215 ಮಿ.ಮೀ. ಪಿವೋಟ್ ದೂರಕ್ಕೇ ಬರೆದದ್ದಾಗಿರಬೇಕು. ರೆಗಾ ಆರ್ಮಿನ 222ಕ್ಕೆ ಬರೆದದ್ದು ಇಲ್ಲಿ ನಡೆಯದು. ‘ಎಲ್ಲ ಆರ್ಮಿಗೂ ಹೊಂದುತ್ತದೆ’ ಎಂಬ ಆರ್ಕ್ ಕಂಡರೆ ಹಣ ಕೊಡಬೇಡಿ.

ಕಾಗದದಲ್ಲೇ ಮುದ್ರಿಸಿಕೊಳ್ಳುವುದಾದರೂ ಆದೀತು, ಆದರೆ ಪ್ರಿಂಟರಿನಲ್ಲಿ ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೆದು 100 ಪ್ರತಿಶತಕ್ಕೆ ಇಡಿ. ಆಮೇಲೆ ಉದ್ದಕ್ಕೂ ಅಡ್ಡಕ್ಕೂ 100 ಮಿ.ಮೀ. ಗೆರೆಯನ್ನು ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. ಕೆಲವು ಪ್ರಿಂಟರುಗಳು ಒಂದೇ ದಿಕ್ಕಿನಲ್ಲಿ ಕುಗ್ಗಿಸುತ್ತವೆ. ಸ್ಪಿಂಡಲ್‌ನ ತೂತು ಬಿಗಿಯಾಗಿರಲಿ, ಸಡಿಲವಾದರೆ ಇಡೀ ಹಾಳೆ ಜರುಗಿ ಪಟ್ಟ ಶ್ರಮ ವ್ಯರ್ಥವಾಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಕನ್ನಡಿಯ ಪ್ರೊಟ್ರ್ಯಾಕ್ಟರಿನ ನಿಜವಾದ ಬೆಲೆ ಇರುವುದು ಈ ತೂತಿನಲ್ಲಿ ಮತ್ತು ಪ್ರತಿಬಿಂಬದಲ್ಲಿ. ಕ್ಯಾಂಟಿಲಿವರ್ ಮತ್ತು ಅದರ ಪ್ರತಿಬಿಂಬ ಒಂದರ ಹಿಂದೊಂದು ಅಡಗುವಂತೆ ತಲೆ ಹಿಡಿದರೆ ಓರೆ ನೋಟದ ಮೋಸ ಇರುವುದಿಲ್ಲ.

ಕೆಲಸದ ಕ್ರಮಕ್ಕೆ ಬರೋಣ. ವಿದ್ಯುತ್ ತೆಗೆಯಿರಿ, ಮುಳ್ಳಿನ ಕವಚ ಹಾಕಿಯೇ ತಿರುಪು ಬಿಗಿಯಿರಿ. ತಿರುಪುಗಳು ಎಂ2.5, ಅವುಗಳ ನಡುವಿನ ಅಂತರ 12.7 ಮಿ.ಮೀ.; ವಿಎಂ95ರ ಮೈಯಲ್ಲೇ ತಿರುಪು ಹಿಡಿಯುವ ಮರೆ (ಥ್ರೆಡ್) ಕೊರೆದಿರುವುದರಿಂದ ನಟ್ ಬೇಕಿಲ್ಲ. ಸ್ಕ್ರೂಡ್ರೈವರ್ ಕಾಂತಕ್ಕೆ ಅಂಟದ್ದಾಗಿರಲಿ. ಕಾರ್ಟ್ರಿಡ್ಜಿನೊಳಗಿನ ಅಯಸ್ಕಾಂತ ಉಕ್ಕಿನ ತುದಿಯನ್ನು ಎಳೆದುಕೊಂಡಾಗ ಕ್ಯಾಂಟಿಲಿವರ್ ಮುರಿಯಲು ಒಂದು ಕ್ಷಣ ಸಾಕು. ತಂತಿಗಳಲ್ಲಿ ಕೆಂಪು ಬಲದ ಧನ, ಹಸಿರು ಬಲದ ಋಣ, ಬಿಳಿ ಎಡದ ಧನ, ನೀಲಿ ಎಡದ ಋಣ. ಚಿಮಟದಿಂದ ಲೋಹದ ತುದಿಯನ್ನೇ ಹಿಡಿಯಬೇಕು, ತಂತಿ ಹಿಡಿದು ಎಳೆಯಬಾರದು.

ಮೊದಲು ಮುಳ್ಳಿನ ಮೇಲೆ ಬೀಳುವ ತೂಕವನ್ನು ಅಂದಾಜು 2 ಗ್ರಾಂಗೆ ತನ್ನಿ. ರೆಕಾರ್ಡ್ ಕೂರುವ ಪ್ಲ್ಯಾಟರ್ ಅಲುಗದಂತೆ ಅಂಚಿಗೆ ಟೇಪ್ ಅಂಟಿಸಿ. ಮುಳ್ಳು ಆರ್ಕಿನ ಎರಡೂ ತುದಿಗಳಲ್ಲಿ ಗೆರೆಯ ಮೇಲೆ ಕೂರುವವರೆಗೆ ಕಾರ್ಟ್ರಿಡ್ಜನ್ನು ಹಿಂದೆ ಮುಂದೆ ಸರಿಸಿ, ಆಮೇಲೆ ಒಳಬಿಂದುವಿನ ಚೌಕದಲ್ಲಿ ಕ್ಯಾಂಟಿಲಿವರಿನ ಕೋನ ನೋಡಿ. ಹೊರಬಿಂದುವಿನಲ್ಲಿ ಅದರ ತುದಿ ಸ್ಪಿಂಡಲ್ ಕಡೆಗೆ ತಿರುಗಿದಂತೆ ಕಂಡರೆ ಓವರ್‌ಹ್ಯಾಂಗ್ ಜಾಸ್ತಿಯಾಗಿದೆ, ಹಿಂದಕ್ಕೆಳೆಯಿರಿ. ತಿರುಪುಗಳನ್ನು ಎರಡೂ ಕಡೆ ಕಾಲು ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಮೈ ತಿರುಗಿಬಿಡುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ನೋಡಲೇಬೇಕು.

ತಕ್ಕಡಿಯ ಬಗ್ಗೆ ಎರಡು ಮಾತು. ವಿಎಂ95ಇಗೆ 1.8ರಿಂದ 2.2 ಗ್ರಾಂ, ಮಧ್ಯದ 2.0 ಇಡಿ. ಉಕ್ಕಿನ ತಟ್ಟೆಯ ಆಭರಣದ ತಕ್ಕಡಿ ಅಗ್ಗವಾದರೂ ಎರಡು ತೊಂದರೆ ಇವೆ: ಅಯಸ್ಕಾಂತ ತಟ್ಟೆಯನ್ನು ಎಳೆದು ಓದು ತಪ್ಪುತ್ತದೆ, ಮತ್ತು ತಟ್ಟೆಯ ಎತ್ತರಕ್ಕೆ ತಕ್ಕಂತೆ ಆರ್ಮ್ ಮೇಲೇರಿ ಓದು ಬದಲಾಗುತ್ತದೆ. ಅಳತೆ ರೆಕಾರ್ಡಿನ ಮೇಲ್ಮೈಯಷ್ಟೇ ಎತ್ತರದಲ್ಲಿ ಆಗಬೇಕು, ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಜಾರುವುದನ್ನು ತಡೆಯುವ ಹೊಂದಾಣಿಕೆ) ಆಗ ಸೊನ್ನೆಯಲ್ಲಿರಬೇಕು. ಟರ್ನ್‌ಟೇಬಲ್‌ಗೆಂದೇ ಮಾಡಿದ ತಕ್ಕಡಿಯಲ್ಲಿ ತಟ್ಟೆ ಕೆಳಗೆ ಚಾಚಿರುತ್ತದೆ, ಅದನ್ನೇ ಆರಿಸಿ. ಜೊತೆಗೆ 5 ಗ್ರಾಂನ ಪರೀಕ್ಷಾ ತೂಕದ ಬಟ್ಟು ಬಂದಿದೆಯೇ ನೋಡಿ. ಆರ್ಮಿನ ಹಿಂಬದಿಯ ತೂಕದ ಮೇಲಿನ ಅಂಕಿಗಳನ್ನು ಮಾತ್ರ ನಂಬಿ ಕೂರುವುದು ಸರಿಯಲ್ಲ, ಆರ್ಮ್ ಸಮತೋಲಕ್ಕೆ ಬಂದ ಜಾಗವನ್ನು ಕಣ್ಣಂದಾಜಿನಲ್ಲಿ ಸೊನ್ನೆ ಎಂದು ಇಟ್ಟದ್ದರ ಮೇಲೆ ಆ ಅಂಕಿ ನಿಂತಿರುತ್ತದೆ.

ಎತ್ತರಕ್ಕೆ ಈ ಯಂತ್ರದಲ್ಲಿ 0ರಿಂದ 6 ಮಿ.ಮೀ. ಉಂಗುರವೇ ಇದೆ, ರೆಕಾರ್ಡಿನ ಮೇಲೆ ಮುಳ್ಳಿಟ್ಟು ಆರ್ಮನ್ನು ಸಮಾನಾಂತರಕ್ಕೆ ತಂದರೆ ಆಯಿತು, ಇಂಥ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳಿಗೆ ಅದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಕೊನೆಗೆ ತೂಕ ಮತ್ತೊಮ್ಮೆ ನೋಡಿ.

ಆಂಟಿಸ್ಕೇಟ್‌ಗೆ ಗ್ರೂವ್ ಇಲ್ಲದ ನುಣುಪು ಡಿಸ್ಕ್ ಮಾರುತ್ತಾರೆ, ಬೇಡ. ಅದರ ಮೇಲಿನ ಘರ್ಷಣೆ ನಿಜವಾದ ಗ್ರೂವ್‌ನದಲ್ಲ. ಗುಂಡಿಯನ್ನು 2ಕ್ಕಿಟ್ಟು ಜೋರಾದ ದನಿಯ ರೆಕಾರ್ಡ್ ಹಾಕಿ ಕೇಳಿ. ಬಲ ಚಾನೆಲ್ ಮೊದಲು ಒಡೆದರೆ ಹೊರಗೋಡೆಯ ಮೇಲೆ ಮುಳ್ಳಿನ ಹಿಡಿತ ಸಾಲದು, ಗುಂಡಿಯನ್ನು ಏರಿಸಿ. ಎಡ ಮೊದಲು ಒಡೆದರೆ ಇಳಿಸಿ.