ಮುಂದಿನ ಬೇಸಿಗೆಗೆ ಇಂಗ್ಲೆಂಡಿಗೆ ಹೋಗುತ್ತಿದ್ದೇನೆ. ಪುರಾತತ್ವ ಓದದವರು ಉತ್ಖನನಕ್ಕೆ ಸೇರಬಹುದಾ? ಎಲ್ಲಿ ಹೋದರೆ ಏನಾದರೂ ಸಿಗುವ ಅವಕಾಶ ಜಾಸ್ತಿ?

ಡಿಗ್ರಿ ಬೇಕಿಲ್ಲ, ಧೈರ್ಯವಾಗಿ ಸೇರಿ. ಆದರೆ ಎಲ್ಲಿ ಏನು ಸಿಗುತ್ತದೆ ಅಂತ ನೋಡಿ ಜಾಗ ಆರಿಸಬೇಡಿ. ನಾನು ಹಾಗೇ ಆರಿಸಿದ್ದೆ.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ, ರೋಮನ್ನರು ಅಲ್ಲಿ ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರದ ಒಂದು ರೋಮನ್ ಕೋಟೆಯ ಉತ್ಖನನಕ್ಕೆ ಎರಡು ವಾರ ದುಡ್ಡು ಕಟ್ಟಿ ಸೇರಿದೆ. ಅದೇ ಸೀಮೆಯ ವಿಂಡೋಲಾಂಡ ಅನ್ನುವ ಇನ್ನೊಂದು ರೋಮನ್ ಕೋಟೆಯಲ್ಲಿ 1973ರಿಂದ ತೆಳು ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ರೋಮನ್ ಕಾಲದ ಪತ್ರಗಳು ಸಿಗುತ್ತಾ ಬಂದಿವೆ. ಒಬ್ಬಾಕೆ ಗೆಳತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದ ಪತ್ರವೂ ಅದರಲ್ಲಿದೆ. ನನಗೂ ಅಂಥದ್ದೇನಾದರೂ ಸಿಗಲಿ ಅನ್ನುವ ಆಸೆ.

ಮೊದಲ ಮೂರು ದಿನ ಕರಣೆ, ಬಕೆಟ್, ತಳ್ಳುಗಾಡಿ, ಮಳೆ. ನಾಲ್ಕನೇ ದಿನ ಮಣ್ಣಿನಿಂದ ಉಗುರಿನಷ್ಟು ಕೆಂಪು ಹೊಳಪು ಇಣುಕಿತು. ಕರಣೆಯ ತುದಿ ಹಾಕಿ ಎತ್ತಿಬಿಟ್ಟೆ. ಬಟ್ಟಲಿನ ತಳದ ಚೂರು. ಹೆಬ್ಬೆರಳಿನಿಂದ ಉಜ್ಜಿದರೆ ಒಳಗೆ ಕುಂಬಾರನ ಹೆಸರಿನ ಮುದ್ರೆ! ಸೇಮಿಯನ್ ಅನ್ನುವ ಪಾತ್ರೆ ಅದು, ಈಗಿನ ಫ್ರಾನ್ಸಿನ ಕಡೆ ಮಾಡುತ್ತಿದ್ದದ್ದು. ಮುದ್ರೆ ಇದ್ದರೆ ಅದು ಯಾವ ಕಾಲದ್ದು ಅಂತ ಕೆಲವೇ ದಶಕಗಳ ಅಂತರದೊಳಗೆ ಹೇಳಬಹುದು.

ಮೇಲ್ವಿಚಾರಕಿ ಓಡಿ ಬಂದು ಕೇಳಿದ್ದು ಒಂದೇ ಮಾತು: "ಇದು ಯಾವ ಮಣ್ಣಿನಲ್ಲಿತ್ತು?"

ನನಗೆ ಗೊತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲಾ ಇರುವುದು ಇಲ್ಲೇ. ನಾನು ಕೂತಿದ್ದ ಜಾಗದಲ್ಲಿ ಎರಡು ಮಣ್ಣು ಸೇರುತ್ತಿದ್ದವು. ಮೇಲೆ ಕಪ್ಪು ಮಣ್ಣು, ಮನೆ ಬಿದ್ದ ಮೇಲೆ ತುಂಬಿಕೊಂಡದ್ದು. ಕೆಳಗೆ ಹಳದಿ ಜೇಡಿ, ಜನ ತುಳಿದು ಗಟ್ಟಿಯಾದ ನೆಲ. ಚೂರು ಆ ನೆಲದೊಳಗೆ ಹೂತಿದ್ದರೆ, ಬಟ್ಟಲು ತಯಾರಾದ ಮೇಲೆಯೇ ನೆಲ ಹಾಕಿದ್ದು ಅಂತಾಯ್ತು. ಮನೆಯ ಕಾಲಕ್ಕೆ ಒಂದು ಗಡಿ ಸಿಕ್ಕ ಹಾಗೆ. ಕಪ್ಪು ಮಣ್ಣಿನಲ್ಲಿದ್ದರೆ ನೆಲದ ಬಗ್ಗೆ ಅದು ಏನೂ ಹೇಳುವುದಿಲ್ಲ, ಹಳೇ ಬಟ್ಟಲು ಯಾವಾಗ ಬೇಕಾದರೂ ಅಲ್ಲಿಗೆ ಬಂದು ಬೀಳಬಹುದು. ನಾನು ಕಿತ್ತ ಗುಳಿಯಲ್ಲಿ ಎರಡೂ ಮಣ್ಣು ಕಲೆತುಹೋಗಿದ್ದವು. ಅವರು ಬೈಯಲಿಲ್ಲ. ತುಂಬಾ ಹೊತ್ತು ಆ ಗುಳಿಯನ್ನೇ ನೋಡುತ್ತಾ ಕೂತರು. ಆಮೇಲೆ ಪದರ ಗೊತ್ತಿಲ್ಲದ ವಸ್ತುಗಳ ಚೀಲಕ್ಕೆ ಚೂರನ್ನು ಹಾಕಿದರು. ಅರ್ಧ ನಿಮಿಷ ಕಾದಿದ್ದರೆ ಸಾಕಿತ್ತು.

ಊರಿಗೆ ಬಂದ ಮೇಲೆ ಬ್ರಹ್ಮಗಿರಿಯ ಬಗ್ಗೆ ಓದಿದೆ, ನಮ್ಮ ಚಿತ್ರದುರ್ಗ ಜಿಲ್ಲೆಯದ್ದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ಅದಕ್ಕೂ ಮುಂಚೆ, 1945ರಲ್ಲಿ, ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಒಂದು ಬಗೆಯ ಗೀರುಚುಕ್ಕೆಯ ಮಡಕೆ ಇಟಲಿಯ ಕೆಂಪು ಪಾತ್ರೆಗಳ ಜೊತೆ ಸಿಕ್ಕಿತ್ತು. ಇಟಲಿಯ ಪಾತ್ರೆಯ ಕಾಲ ಗೊತ್ತಿತ್ತು, ಅದರಿಂದ ಆ ಮಡಕೆಯ ಕಾಲವೂ ತಿಳಿಯಿತು. ಅದೇ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಕೆಳಗಿನ ಪದರಗಳ ಲೆಕ್ಕ ಹಾಕಿದರು. ಅಲ್ಲಿ ಯಾರಾದರೂ ನನ್ನ ಹಾಗೆ ಚೂರು ಕಿತ್ತು ಕೈಗೆ ತಗೊಂಡಿದ್ದರೆ? ಓದುತ್ತಾ ಹೊಟ್ಟೆ ಕಿವುಚಿತು.

ಮುಂದಿನ ಬೇಸಿಗೆಗೆ ಇಂಗ್ಲೆಂಡಿಗೆ ಹೋಗುತ್ತೀರಿ ಅಂತ ಬರೆದಿದ್ದೀರಿ, ಅಲ್ವಾ? ಹಣ ಕಟ್ಟುವ ಮೊದಲು ಎರಡು ವಿಷಯ ಕೇಳಿ. ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ಜನ ಹೊಸಬರು? ಪದರಗಳನ್ನು ಗುರುತಿಸಿ ಬರೆಯುವುದನ್ನು ಕಲಿಸುತ್ತಾರಾ? ಸಿಕ್ಕಿದ ನಾಣ್ಯಗಳ ಫೋಟೋ ತೋರಿಸಿಯೇ ಜನ ಸೇರಿಸುವ ಕಡೆ ನಾನಂತೂ ಇನ್ನು ಹೋಗುವುದಿಲ್ಲ. ಮೊಣಕಾಲಿಗೆ ದಪ್ಪ ಮ್ಯಾಟ್ ಒಯ್ಯಿರಿ. ಮಣ್ಣಿನಿಂದ ಏನಾದರೂ ಇಣುಕಿದರೆ ಕರಣೆ ಕೆಳಗಿಟ್ಟು ಮೊದಲು ಮೇಲ್ವಿಚಾರಕರನ್ನು ಕೂಗಿ.