ನ್ಯಾನೊಫೈಬರ್ ಫಿಲ್ಟರ್ ಫ್ಲೋರೈಡ್ ತಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಪಾವಗಡದ ಹತ್ತಿರದ ಹಳ್ಳಿ. ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಊರಿಗೆ ಬಂದವರೊಬ್ಬರು ನ್ಯಾನೊಫೈಬರ್ ಫಿಲ್ಟರ್ ತೋರಿಸಿ, ಇದರ ರಂಧ್ರದಲ್ಲಿ ಫ್ಲೋರೈಡ್ ಕೂಡ ನುಸುಳದು ಎಂದರು. ಕೆಮ್ಮಣ್ಣಿನ ನೀರು ಸುರಿದರೆ ತಿಳಿಯಾಗಿ ಬಂತು. ಕೊಳ್ಳಬಹುದಾ ಸಾರ್?

ಉತ್ತರ: ಕೊಳ್ಳಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ಅದೇ ಕೆಮ್ಮಣ್ಣಿನ ಪ್ರದರ್ಶನ. ಮಣ್ಣು ತಡೆಯಲು ಮರಳಿನ ಫಿಲ್ಟರ್ ಸಾಕು. ಫ್ಲೋರೈಡ್ ನೀರಿನಲ್ಲಿ ಕರಗಿರುವ ಅಯಾನು, ಅಂದರೆ ವಿದ್ಯುದಾವೇಶವಿರುವ ಅತಿ ಚಿಕ್ಕ ಕಣ. ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡರೂ ಅದರ ಅಗಲ 1 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಮುಟ್ಟದು. ನ್ಯಾನೊಫೈಬರ್ ಎಂದರೆ ಹೈವೋಲ್ಟೇಜಿನಲ್ಲಿ ಎಳೆದ ಅತಿ ತೆಳು ನಾರು. ಅದರ ಹಾಳೆಯ ಸಂದುಗಳೋ, ಸಾಮಾನ್ಯವಾಗಿ ನೂರಾರು ನ್ಯಾನೊಮೀಟರ್‌ನಿಂದ ಕೆಲವು ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್) ಇರುತ್ತವೆ. ಬ್ಯಾಕ್ಟೀರಿಯಾ ಸಿಕ್ಕಿಕೊಳ್ಳಬಹುದು, ಫ್ಲೋರೈಡ್ ಸಲೀಸಾಗಿ ದಾಟುತ್ತದೆ.

ನಾರಿಗೆ ಅಲ್ಯುಮಿನಾ ಅಥವಾ ಜಿರ್ಕೋನಿಯಾ ಎಂಬ ಲೋಹದ ಆಕ್ಸೈಡ್ ಸೇರಿಸಿದರೆ ಮಾತು ಬೇರೆ. ಆಗ ಫ್ಲೋರೈಡ್ ನಾರಿನ ಮೈಗೆ ಅಂಟುತ್ತದೆ. ನಾರಿನೊಳಗೂ ರಂಧ್ರಗಳಿದ್ದರೆ ಅಂಟಲು ಜಾಗ ಹೆಚ್ಚು. ಇದು ನಿಜವಾದ, ಒಳ್ಳೆಯ ವಿಜ್ಞಾನ. ಆದರೆ ಆ ಜಾಗ ತುಂಬಿದ ದಿನದಿಂದ ನೀರು ಬಂದ ಹಾಗೇ ಹೋಗುತ್ತದೆ, ಬಣ್ಣ ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಜೊತೆಗೆ ಅಲ್ಯುಮಿನಾ ಚೆನ್ನಾಗಿ ಹಿಡಿಯುವುದು ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5–6ರ ಆಸುಪಾಸಿನ ತುಸು ಆಮ್ಲೀಯ ನೀರಿನಲ್ಲಿ, ಫ್ಲೋರೈಡ್ ಹೆಚ್ಚಿರುವ ಬೋರ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗಿರುತ್ತದೆ. ಎಷ್ಟು ಲೀಟರಿಗೆ ಹಾಳೆ ಬದಲಿಸಬೇಕು, ಯಾವ ನೀರಿನಲ್ಲಿ ಪರೀಕ್ಷಿಸಿದ್ದೀರಿ ಎಂದು ಆ ಮಾರಾಟಗಾರನನ್ನು ಕೇಳಿ. ಉತ್ತರಕ್ಕೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ತೋರಿಸುವ ಸಾಧನ) ಹೊರತೆಗೆದರೆ ಅಲ್ಲಿಂದಲೇ ಕಳಿಸಿಬಿಡಿ. ಆ ಮೀಟರ್ ಫ್ಲೋರೈಡನ್ನು ಬೇರೆಯಾಗಿ ಅಳೆಯುವುದೇ ಇಲ್ಲ.

ಕುದಿಸಿದರೆ ಹೋಗುತ್ತದೆ ಎನ್ನುವವರ ಮಾತನ್ನೂ ನಂಬಬೇಡಿ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಹೆಚ್ಚುತ್ತದೆ. ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನಮ್ಮ ದೇಶದ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ್ದರೆ ಕುಡಿಯಲು, ಅಡುಗೆಗೆ ಶುದ್ಧವಾಗಿ ಹಿಡಿದ ಮಳೆನೀರು ಅಥವಾ ಆರ್‌ಒ ನೀರು ಬಳಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇವತ್ತೇ ಶುರುಮಾಡಿ. ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿಗೆ ಆಗುವ ಹಾನಿ ಆಮೇಲೆ ಸರಿಹೋಗುವುದಿಲ್ಲ.

ಪ್ರಶ್ನೆ: ನ್ಯಾನೊಫೈಬರ್ ಮಾಸ್ಕ್ ಸೋಪು ಹಾಕಿ ಒಗೆಯಬಹುದೇ?

ಉತ್ತರ: ತಯಾರಕರು ಒಗೆಯಿರಿ ಎಂದು ಬರೆದಿದ್ದರೆ ಮಾತ್ರ, ಉಜ್ಜಿದರೆ ಪದರ ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದಿಲ್ಲ.

ಪ್ರಶ್ನೆ: ಸೂಪರ್‌ಕೆಪಾಸಿಟರ್ (ಬೇಗ ಚಾರ್ಜ್ ಆಗುವ ವಿದ್ಯುತ್ ಸಂಗ್ರಹ ಸಾಧನ) ಪ್ರಾಜೆಕ್ಟಿಗೆ ಮನೆಯಲ್ಲೇ ನ್ಯಾನೊಫೈಬರ್ ಎಳೆಯಬಹುದೇ?

ಉತ್ತರ: ಬೇಡವೇ ಬೇಡ. ಹತ್ತಿಪ್ಪತ್ತು ಸಾವಿರ ವೋಲ್ಟ್ ಒಂದು ಕಡೆ, ಚರ್ಮದ ಮೂಲಕವೂ ಒಳಸೇರಿ ಯಕೃತ್ತನ್ನು ಕೆಡಿಸುವ ಡಿಎಂಎಫ್ ದ್ರಾವಕ ಇನ್ನೊಂದು ಕಡೆ. ಕಾಲೇಜಿನ ಲ್ಯಾಬಿನಲ್ಲಿ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ, ಗೊತ್ತಿರುವವರು ಪಕ್ಕದಲ್ಲಿದ್ದಾಗ ಮಾಡಿ.