ಅಜ್ಜಿಯ ಹಳೇ ಸೀರೆಗಳಿಂದ ಮಗುವಿಗೆ ಕೌದಿ: ಯಾವ ಮಿಷನ್ ಕೊಳ್ಳಲಿ, ಒಳಗೆ ಎಷ್ಟು ದಪ್ಪದ ವಾಡಿಂಗ್ ಹಾಕಲಿ?

ಮಿಷನ್ ಬೇಡ, ವಾಡಿಂಗೂ (ಪದರಗಳ ನಡುವೆ ತುಂಬುವ ಮೆತ್ತನೆಯ ಪದರ) ಬೇಡ. ಅದಿರಲಿ, ಅಡಿಪದರಕ್ಕೆಂದು ಹೊಸ ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆ ತಂದಿಟ್ಟಿದ್ದೇನೆ ಅಂದಿದ್ದೀರಲ್ಲ, ಮೊದಲು ಅದನ್ನು ನೀರಲ್ಲಿ ನೆನೆಹಾಕಿ. ನನ್ನ ಮೊದಲ ಕೌದಿ ಹಾಳಾಗಿದ್ದು ಅದರಿಂದಲೇ. ಹಾಗಾಗಿ ಇದೊಂದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಏಳು ಅಡಿ ಉದ್ದ, ಐದು ಅಡಿ ಅಗಲದ ಕೌದಿ. ಮೇಲಿನ ಮೂರು ಪದರ ಅಮ್ಮನ ಸೀರೆಗಳು, ಕೆಳಗೆ ಗಂಜಿಯೂ ಹೋಗದ ಹೊಸ ಕೋರಾ. ಹೊಲಿದು ಮುಗಿದಾಗ ಸಪಾಟಾಗಿಯೇ ಇತ್ತು. ಮೊದಲ ಸಲ ಒಗೆದು ಒಣಹಾಕಿದ ಮೇಲೆ ಸೀರೆಯ ಮುಖವೆಲ್ಲ ನಿರಿಗೆ ಎದ್ದು, ಅಲ್ಲಲ್ಲಿ ಹೊಲಿಗೆಯ ಸಾಲಿನುದ್ದಕ್ಕೂ ಸೀಳಿತ್ತು. ಕಾರಣ ಮಗ್ಗದಲ್ಲಿದೆ. ಹಾಸಿನ, ಅಂದರೆ ಉದ್ದಕ್ಕೆ ಹೋಗುವ ಎಳೆಗಳನ್ನು ಬಿಗಿಯಾಗಿ ಎಳೆದುಕೊಂಡೇ ನೇಯುತ್ತಾರೆ, ಆ ಬಿಗಿತ ಬಟ್ಟೆಯೊಳಗೆ ಉಳಿದಿರುತ್ತದೆ. ನೀರು ತಾಗಿದಾಗ ನೂಲು ಉಬ್ಬಿ, ಬಿಗಿ ಸಡಿಲವಾಗಿ, ಬಟ್ಟೆ ಕುಗ್ಗುತ್ತದೆ. ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು. ನೂರಕ್ಕೆ ಐದರಷ್ಟು ಕುಗ್ಗಿತು ಅಂತಿಟ್ಟುಕೊಳ್ಳಿ, 84 ಇಂಚಿನಲ್ಲಿ ನಾಲ್ಕು ಇಂಚಿಗೂ ಹೆಚ್ಚು ಹೋಯಿತು. ವರ್ಷಗಟ್ಟಲೆ ಒಗೆಸಿಕೊಂಡ ಸೀರೆ ಕುಗ್ಗುವುದನ್ನೆಲ್ಲ ಎಂದೋ ಕುಗ್ಗಿ ಮುಗಿಸಿದೆ, ಅದು ಇನ್ನು ಕುಗ್ಗುವುದಿಲ್ಲ. ಹಾಗಾದರೆ ಆ ನಾಲ್ಕು ಇಂಚು ಸೀರೆ ಎಲ್ಲಿಗೆ ಹೋಗಬೇಕು? ಹೊಲಿಗೆ ಸಡಿಲ ಇದ್ದಲ್ಲಿ ಎರಡು ಟಾಕಿನ ನಡುವೆ ನಿರಿಗೆಯಾಗುತ್ತದೆ. ದಾರ ಬಿಗಿ ಇದ್ದಲ್ಲಿ ಅದಕ್ಕೂ ಜಾಗವಿಲ್ಲ, ಸೂಜಿ ತೂತಿನಿಂದಲೇ ಹರಿಯಲು ಶುರುವಾಗುತ್ತದೆ. ಬಿಚ್ಚಿ ಮತ್ತೆ ಹೊಲಿಯಬಹುದಲ್ಲ ಅನ್ನಿಸಬಹುದು. ಸವೆದ ಸೀರೆಯಲ್ಲಿ ಸಾಲುಸಾಲು ತೂತು ಬಿದ್ದ ಮೇಲೆ ದಾರ ಎಳೆದು ಬಿಚ್ಚುವಾಗಲೇ ಮತ್ತಷ್ಟು ಹೋಗುತ್ತದೆ. ಕೋರಾ ಮತ್ತೆ ತರಬಹುದು, ಅಮ್ಮನ ಸೀರೆ ತರುವುದು ಎಲ್ಲಿಂದ?

ಹೊಸ ಬಟ್ಟೆಯ ಮೇಲೆ ಪೆನ್ಸಿಲಿನಿಂದ 20 ಇಂಚಿನ ಚೌಕ ಎಳೆಯಿರಿ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಲ್ಲಿ ಸೋಪು ಹಾಕಿ ಒಗೆದು, ಪೂರ್ತಿ ಒಣಗಿಸಿ ಅಳೆಯಿರಿ. ಉದ್ದದ ಗೆರೆ 19 ಇಂಚಿಗೆ ಬಂದಿದ್ದರೆ ನೂರಕ್ಕೆ ಐದು ಕುಗ್ಗಿದೆ ಎಂದರ್ಥ. ಅಷ್ಟಕ್ಕೇ ಬಿಡಬೇಡಿ, ಇನ್ನೊಮ್ಮೆ ಒಗೆಯಿರಿ. ಎರಡು ಒಗೆತದ ನಡುವೆ ಅಳತೆ ಬದಲಾಗದಿದ್ದಾಗ ಮಾತ್ರ ಆ ಬಟ್ಟೆ ಕೌದಿಗೆ ಸಿದ್ಧ. ಅಂಚುಪಟ್ಟಿಗೂ ಇದೇ ನಿಯಮ. ಹಾಗೆ ನೋಡಿದರೆ ನಿಮಗೆ ಆ ಕೋರಾ ಬೇಕಾಗಿಯೇ ಇಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಕೌದಿ ಅಂದರೆ ಮೇಲಿಂದ ಕೆಳಗಿನ ತನಕ ಹಳೇ ಅರಿವೆಯೇ.

ಇನ್ನು ಮಿಷನ್. ಹೊಲಿಗೆ ಮಿಷನ್ನಿನ ಟಾಕು ಸಣ್ಣದು, ಇಂಚಿಗೆ ಹತ್ತು ಹನ್ನೆರಡು. ಹಳೇ ಸೀರೆಯಲ್ಲಿ ಅಷ್ಟು ಒತ್ತಾಗಿ ತೂತು ಬಿದ್ದರೆ ಅಂಚೆಚೀಟಿ ಹಾಳೆಯ ಹಾಗೆ ಅದೇ ಗೆರೆಯಲ್ಲಿ ಕಿತ್ತು ಬರುತ್ತದೆ. ಇನ್ನೊಂದು ತೊಂದರೆ, ಕೆಳಗಿನ ಹಲ್ಲುಗಳು ಕೆಳಪದರವನ್ನು ಮುಂದಕ್ಕೆ ದೂಡುತ್ತವೆ, ಮೇಲಿನ ಪಾದ ಮೇಲ್ಪದರವನ್ನು ತಡೆಯುತ್ತದೆ. ನಾಲ್ಕು ಪದರ ಇದ್ದರೆ ಸಾಲು ಮುಗಿಯುವ ಹೊತ್ತಿಗೆ ಪದರಗಳು ಒಂದಕ್ಕೊಂದು ಜಾರಿರುತ್ತವೆ. ತೇಪೆಗಳನ್ನು ಒಂದಕ್ಕೊಂದು ಜೋಡಿಸಲು ಮನೆಯಲ್ಲಿರುವ ಮಿಷನ್ ಬಳಸಿ, ಅಡ್ಡಿಯಿಲ್ಲ. ಕೌದಿಗೆಂದೇ ಹೊಸದು ಕೊಳ್ಳುವುದು ದುಡ್ಡು ದಂಡ.

ಪಾಲಿಯೆಸ್ಟರ್ ವಾಡಿಂಗಿನ ಎಳೆಗಳು ತೆಳು ಸೀರೆಯ ನೇಯ್ಗೆಯ ಸಂದಿಯಿಂದ ಹೊರಗೆ ಬಂದು ಮೇಲೆಲ್ಲ ಜುಂಗು ಏಳುತ್ತದೆ. ಬೆವರನ್ನೂ ಹೀರುವುದಿಲ್ಲ. ಕೌದಿ ಬೆಚ್ಚಗಿರುವುದು ಪದರಗಳ ನಡುವೆ ನಿಂತ ಗಾಳಿಯಿಂದ. ಸೀರೆ ಮೂರು ಪದರ ಇದ್ದರೆ ಬೇಸಿಗೆಗೆ, ನಾಲ್ಕಿದ್ದರೆ ಚಳಿಗೆ. ಐದು ದಾಟಿದರೆ ಕೈಯಲ್ಲಿ ಸೂಜಿ ಇಳಿಯುವುದು ಕಷ್ಟ, ಟಾಕೂ ಉದ್ದವಾಗುತ್ತದೆ.

ಲೆಕ್ಕ ಹೀಗೆ. ಆರು ಗಜದ ಸೀರೆ ಸುಮಾರು 216 ಇಂಚು ಉದ್ದ, 45-46 ಇಂಚು ಅಗಲ. ಮಗುವಿಗೆ 45 ಇಂಚಿನ ಚೌಕ ಸಾಕು. ಅಂದರೆ ಒಂದೇ ಸೀರೆಯಲ್ಲಿ ನಾಲ್ಕೂ ಪದರ ಬಂದು ಇನ್ನೂ 36 ಇಂಚು ತುಂಡು ತೇಪೆಗೆ ಉಳಿಯುತ್ತದೆ. ಅಜ್ಜಿಯ ಎಲ್ಲ ಸೀರೆ ಒಂದರಲ್ಲೇ ಇರಲಿ ಅನ್ನುವ ಆಸೆಯಿದ್ದರೆ ಒಂದೊಂದನ್ನೂ ತೇಪೆಯಾಗಿ ಮೇಲೆ ತನ್ನಿ. ದೊಡ್ಡವರಿಗೆ 5 ಅಡಿ 7 ಅಡಿ ಕೌದಿಗೆ 60 ಇಂಚಿನ ಎರಡು ತುಂಡು ಜೋಡಿಸಿದರೆ ಒಂದು ಪದರ, ನಾಲ್ಕು ಪದರಕ್ಕೆ ಮೂರು ಸೀರೆ ಹಿಡಿಯುತ್ತದೆ. ಜೋಡಣೆಯ ಗೆರೆಗಳು ಒಂದರ ಮೇಲೊಂದು ಬಾರದ ಹಾಗೆ ಪದರಗಳನ್ನು ಆಚೀಚೆ ಸರಿಸಿ ಹಾಸಿ, ಇಲ್ಲದಿದ್ದರೆ ಆ ಗೆರೆಯಲ್ಲಿ ಸೂಜಿ ಮುರಿಯುತ್ತದೆ.

ಕತ್ತರಿಸುವ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆದಾಗ ಹರಿಯುವ ಭಾಗವನ್ನು ಬಳಸಲೇಬೇಡಿ. ಎಳೆ ತೆಳುವಾಗಿದ್ದೂ ತಡೆದರೆ ಒಳಪದರಕ್ಕಿಡಿ. ಸಾಮಾನ್ಯವಾಗಿ ಕುಳಿತಲ್ಲಿ ಮತ್ತು ಸೊಂಟಕ್ಕೆ ಸಿಕ್ಕಿಸಿದಲ್ಲಿ ಮೊದಲು ಸವೆದಿರುತ್ತದೆ, ಸೆರಗಿನ ಹತ್ತಿರ ಗಟ್ಟಿಯಿರುತ್ತದೆ. ಇಳಕಲ್ಲ ಸೀರೆಯ ಕೆಂಪು ಸೆರಗಿದ್ದರೆ ಒದ್ದೆ ಬಿಳಿ ಬಟ್ಟೆಗೆ ಸೋಪು ಹಚ್ಚಿ ಉಜ್ಜಿ, ಬಣ್ಣ ಬಿಟ್ಟರೆ ತಿಳಿ ಬಣ್ಣದ ಸೀರೆಯ ಪಕ್ಕ ಇಡಬೇಡಿ. ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ತುಂಡು ತೇಪೆಗೆ ಬಲು ಚೆಂದ, ಆದರೆ ಅಂಚಿನಲ್ಲಿ ಎಳೆ ಬಿಡುತ್ತದೆ. ಕಾಲಿಂಚಿನ ಬದಲು ಅರ್ಧ ಇಂಚು ಒಳಗೆ ಮಡಚಿ. ಜರಿ ಮಗುವಿನ ಕೌದಿಗೆ ಬೇಡ, ಚುಚ್ಚುತ್ತದೆ.

ದಾರ ಕಾಟನ್ನೇ ಆಗಬೇಕು. ಪಾಲಿಯೆಸ್ಟರ್ ದಾರ ಸವೆದ ಬಟ್ಟೆಗಿಂತ ಗಟ್ಟಿ, ಜಗ್ಗಿದಾಗ ಅದು ಹರಿಯದೆ ಸೀರೆಯನ್ನು ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸಬೇಡಿ, ಬಟ್ಟೆಯೊಳಗೆ ಮತ್ತೆ ಮತ್ತೆ ಉಜ್ಜಿ ನವೆಯುತ್ತದೆ. ಜೇನುಮೇಣಕ್ಕೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದು ಕಡಿಮೆ. ದಬ್ಬಣ ಬೇಡ, ತೂತು ದೊಡ್ಡದಾಗುತ್ತದೆ. ದಾರ ಹಿಡಿಸುವಷ್ಟು ಕಣ್ಣಿರುವ ಸಣ್ಣ ಸೂಜಿ, ನಡುಬೆರಳಿಗೆ ಅಂಗುಸ್ತಾನ.

ನೆಲ ಒರೆಸಿ ಪದರಗಳನ್ನು ಒಂದೊಂದಾಗಿ ಹಾಸಿ, ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತಾ ಬನ್ನಿ. ನಾಲ್ಕು ಮೂಲೆಗೆ ಭಾರ ಇಟ್ಟು, ಮೊದಲು ನಡುವೆ ಅಡ್ಡ ಒಂದು, ಉದ್ದ ಒಂದು ಕಚ್ಚಾ ಹೊಲಿಗೆ (ಪದರ ಜಾರದಂತೆ ಹಾಕಿ ಕೊನೆಗೆ ಬಿಚ್ಚುವ ಉದ್ದ ಟಾಕು), ಆಮೇಲೆ ಗೇಣಿಗೊಂದು ಸಾಲು. ಈ ಹಂತ ಬಿಟ್ಟರೆ ಸುತ್ತಲಿಂದ ತಳ್ಳಿದ ಬಟ್ಟೆಯೆಲ್ಲ ಕೊನೆಗೆ ಒಂದು ಕಡೆ ಗುಡ್ಡೆಯಾಗುತ್ತದೆ. ನಂತರ ನಡುವಿನಿಂದ ಶುರುಮಾಡಿ, ಸಾಲಿಂದ ಸಾಲಿಗೆ ಮುಕ್ಕಾಲು ಇಂಚು, ಟಾಕು ಅಕ್ಕಿಕಾಳಿನಷ್ಟು. ಸೂಜಿಯ ಮೇಲೆ ಮೂರ್ನಾಲ್ಕು ಟಾಕು ತೆಗೆದುಕೊಂಡು ಎಳೆಯಿರಿ, ಎಳೆದ ಮೇಲೆ ಸಾಲನ್ನು ಬೆರಳಿನಿಂದ ಸವರಿ ಬಟ್ಟೆ ಮಲಗಿಸಿ. ಸಾಲು ಸುಕ್ಕಾಗಿ ಕಂಡರೆ ದಾರ ಬಿಗಿಯಾಗಿದೆ. ಮಗುವಿನ ಕೌದಿಗೆ 60 ಸಾಲು, ಸುಮಾರು 80-85 ಮೀಟರ್ ದಾರ ಆಗುತ್ತದೆ. ಅರ್ಧಕ್ಕೆ ಮುಗಿಯದಂತೆ ಒಂದೇ ಸಲ ತಂದಿಟ್ಟುಕೊಳ್ಳಿ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನು ತಿರುಗುಮುರುಗು ಮಾಡುತ್ತಾರೆ. ಅಡಿಗೆ ಸೀರೆ ಹಾಸಿ, ಅಂಚಿನ ಮೂಲೆಯಿಂದ ತೇಪೆ ಇಡುತ್ತಾ ಸುತ್ತು ಸುತ್ತು ಒಳಗೆ ಬರುತ್ತಾರೆ, ಕೊನೆಗೆ ಮೂಲೆಗಳಿಗೆ ಮಡಚಿದ ತುಂಡುಗಳ ಹೂವು ಕೂರಿಸುತ್ತಾರೆ. ಅದನ್ನಿಡದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ತೇಪೆಯನ್ನು ಆಗಲೇ ಮಡಚಿ ಆಗಲೇ ಹೊಲಿಯುವುದರಿಂದ ಬಟ್ಟೆ ಒಳಗೆ ಸೇರಿಕೊಳ್ಳುವುದನ್ನು ಕೈ ಅಲ್ಲಲ್ಲೇ ಸರಿಮಾಡುತ್ತದೆ. ಆ ಕೈ ಪಳಗಿದ ಕೈ. ಮೊದಲ ಕೌದಿಯಲ್ಲಿ ಅದಕ್ಕೆ ಹೋಗಬೇಡಿ.

ಮಗುವಿಗೆ ವರ್ಷ ತುಂಬುವ ತನಕ ಎದ್ದಿರುವಾಗ ನೆಲದ ಮೇಲೆ ಹಾಸಿ ಆಡಿಸಲು ಬಳಸಿ. ಮಲಗಿದಾಗ ಹೊದಿಸಬೇಡಿ, ಮುಖದ ಮೇಲೆ ಬಂದರೆ ತಾನೇ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಒಗೆಯುವಾಗ ತಣ್ಣೀರಲ್ಲಿ ನೆನೆಸಿ, ಕೈಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಹಿಂಡಬೇಡಿ, ಬಂಡೆಗೆ ಬಡಿಯಬೇಡಿ. ಒದ್ದೆ ಕೌದಿ ಭಾರ. ಒಂದೇ ಹಗ್ಗದ ಮೇಲೆ ನೇತುಹಾಕಿದರೆ ಭಾರವೆಲ್ಲ ಆ ಮಡಿಕೆಯ ಹೊಲಿಗೆಗೆ ಬೀಳುತ್ತದೆ, ಎರಡು ಹಗ್ಗದ ಮೇಲೆ ಹರಡಿ.